ಮುತ್ತಜ್ಜಿಯ ಬರ್ಗರ್

ಬರ್ಗರ್ ಕೆಡುವುದಿಲ್ಲವಲ್ಲ, ಒಡವೆಯಂತೆ ತಲೆಮಾರುಗಟ್ಟಲೆ ಮನೆಯಲ್ಲೇ ಉಳಿಯುತ್ತಿತ್ತು. ನಿಶ್ಚಿತಾರ್ಥದ ದಿನ ಎರಡೂ ಕಡೆಯವರು ತಮ್ಮ ಮುತ್ತಜ್ಜಿಯ ಬರ್ಗರನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಅರಿಶಿನ ಹಚ್ಚುವುದು ವಾಡಿಕೆ.

ಹುಡುಗಿಯ ತಾಯಿ ಪಂಕಜಾಕ್ಷಿ ತಮ್ಮ ತಟ್ಟೆ ತಂದಿಟ್ಟಳು. ಗಂಡಿನ ಸೋದರಮಾವ ಕನ್ನಡಕ ಏರಿಸಿ ಬಗ್ಗಿದ.

"ಇದೇನಮ್ಮ, ಬೂಷ್ಟು ಹಿಡಿದಿದೆಯಲ್ಲ?"

ಪಂಕಜಾಕ್ಷಿ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಹೋದ ಏಕಾದಶಿಯ ಉಪವಾಸದಲ್ಲಿ ಹಸಿವು ತಡೆಯಲಾರದೆ ಅಸಲಿ ಬರ್ಗರನ್ನು ತಿಂದು, ಅದರ ಜಾಗದಲ್ಲಿ ಬನ್ನಿನೊಳಗೆ ಆಂಬೊಡೆ ತುರುಕಿಟ್ಟಿದ್ದಳು. ಸಂಬಂಧ ಮುರಿದೇಬಿತ್ತು ಅಂದುಕೊಳ್ಳುವಷ್ಟರಲ್ಲಿ ಗಂಡಿನ ತಾಯಿ ಸೆರಗಿನಿಂದ ಬೂಷ್ಟು ಒರೆಸಿದಳು.

"ಅರಿಶಿನ ಒದ್ದೆಯಾಗಿದೆ ಅಷ್ಟೆ ಕಣಣ್ಣ, ಹೋಗಿ ಕೂತ್ಕೊ."

ಆಮೇಲೆ ಪಂಕಜಾಕ್ಷಿಯ ಕಿವಿಯಲ್ಲಿ ಪಿಸುಗುಟ್ಟಿದಳು: "ನಮ್ಮದು ನನ್ನ ಬಸುರಿ ಬಯಕೆಗೇ ಹೋಯ್ತು. ನನ್ನ ಹಾಗೆ ಮಣ್ಣಲ್ಲಿ ಮಾಡಿಸಿಡೋದಲ್ವೇನ್ರೀ?"