ಹತ್ತೂ ಪಿನ್ನುಗಳು ನಿಂತೇ ಇದ್ದವು

ಚೆಂಡು ಮತ್ತೆ ಚರಂಡಿಗೆ ಬಿತ್ತು. ತಾನಾಗಿ ಬಿದ್ದದ್ದಲ್ಲ, ಆಕೆಯೇ ಬೀಳಿಸಿದ್ದು. ಹೆಬ್ಬೆರಳನ್ನು ಫೋನಿನ ಗಾಜಿನ ಮೇಲೆ ಕೂದಲೆಳೆಯಷ್ಟು ಓರೆಯಾಗಿ ಎಳೆದರೆ ಸಾಕು, ನೀಲಿ ಚೆಂಡು ಅರ್ಧ ದಾರಿ ನೆಟ್ಟಗೆ ಹೋಗಿ, ಆಮೇಲೆ ಬಲಕ್ಕೆ ಹೊರಳಿ ಹಾದಿಯ ಪಕ್ಕದ ಚರಂಡಿಯಲ್ಲಿ ಮಾಯವಾಗುತ್ತದೆ. ಹತ್ತೂ ಪಿನ್ನುಗಳು ನಿಂತೇ ಇದ್ದವು. ಈಗ ಎದುರಾಳಿಯ ಸರದಿ.

ಎದುರಾಳಿಯ ಚೆಂಡೂ ಚರಂಡಿಗೇ ಬಿತ್ತು.

“ಒಂದಾದ್ರೂ ಬೀಳ್ಸಿ ಅಜ್ಜಿ,” ಎಂದು ಆಕೆ ಬಾಯೊಳಗೇ ಗೊಣಗಿದಳು.

ಆಕೆಗೆ ಸಂಬಳ ಸಿಗುತ್ತಿದ್ದದ್ದೇ ಸೋಲುವುದಕ್ಕೆ. ಚೆಂಡು ಉರುಳಿಸಿ ಹತ್ತು ಪಿನ್ನು ಕೆಡಹುವ ಮೊಬೈಲಿನ ಈ ಬೌಲಿಂಗ್ ಆಟವನ್ನು ಜನ ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಹಾಸಿಗೆಯಲ್ಲಿ ಆಡುತ್ತಾರೆ. ಸೋತು ಸೋತು ರೋಸಿದವರು ಒಂದು ದಿನ ಆಟವನ್ನೇ ಫೋನಿನಿಂದ ಕಿತ್ತುಹಾಕುತ್ತಾರೆ. ಹಾಗಾಗಬಾರದೆಂದು ಕಂಪನಿಯ ಯಂತ್ರ ಅಂಥವರನ್ನು ಹುಡುಕಿ ತಂದು ಈ ಕಚೇರಿಯವರ ಎದುರು ನಿಲ್ಲಿಸುತ್ತದೆ. ಅದು ಊರು ಕೇಳುವುದಿಲ್ಲ, ಹೆಸರು ನೋಡುವುದಿಲ್ಲ. ಯಾರು ಹೆಚ್ಚು ಸೋತಿದ್ದಾರೆ ಎಂಬುದಷ್ಟೇ ಅದಕ್ಕೆ ಬೇಕು. ಇವರು ಎರಡು ಮೂರು ಪಿನ್ನುಗಳ ಅಂತರದಲ್ಲಿ, ಅನುಮಾನ ಬಾರದ ಹಾಗೆ ಸೋತು, ಗಿರಾಕಿಯನ್ನು ನಗುನಗುತ್ತ ಕಳಿಸಬೇಕು. ಸೋಲುವುದರಲ್ಲಿ ಆಕೆಗೆ ಬೇಕಾದಷ್ಟು ಅನುಭವವಿತ್ತು, ಕೆಲಸ ಸುಲಭವಾಗಿ ಸಿಕ್ಕಿತು.

ಈ ಅಜ್ಜಿ ಗಂಟುಬಿದ್ದು ಆರು ವಾರವಾಗಿತ್ತು. ಆಟದಲ್ಲಿ ‘ಉದುರಿದ ಗುಂಡಿ’ ಎಂದು ಹೆಸರು. ಅಜ್ಜಿ ಎಂದು ಯಾರೂ ಹೇಳಿರಲಿಲ್ಲ, ಆಕೆಯೇ ತೀರ್ಮಾನಿಸಿದ್ದಳು. ಬೆಳಗ್ಗೆ ಒಂಬತ್ತೂವರೆಗೆ ಹಾಜರು. ಒಂದು ಗಂಟೆಗೆ ಊಟಕ್ಕೆ ಮಾಯ, ಎರಡಕ್ಕೆ ಮತ್ತೆ ಪ್ರತ್ಯಕ್ಷ. ಭಾನುವಾರ ಕೋಣೆಯಲ್ಲಿ ಕೂತು ಸ್ವಂತ ಫೋನಿನಲ್ಲಿ ಹುಡುಕಿದರೂ ಸುಳಿವಿಲ್ಲ. ಹೀಗೆ ಗಡಿಯಾರ ನೋಡಿಕೊಂಡು ಆಡುವವರು ಹಾಸಿಗೆ ಹಿಡಿದವರೇ ಇರಬೇಕು. ಊಟ ತಿನ್ನಿಸುವವರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಭಾನುವಾರ ಮಗಳೋ ಸೊಸೆಯೋ ಫೋನ್ ಕಿತ್ತಿಡುತ್ತಾರೆ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿತೆಂದರೆ ಅಜ್ಜಿಯ ತಲೆದಿಂಬಿನ ಹೂವು ಕೂಡ ಆಕೆಗೆ ಕಾಣುತ್ತಿತ್ತು.

ಒಮ್ಮೆ ಕಚೇರಿಯ ಇಂಟರ್ನೆಟ್ ಹತ್ತು ನಿಮಿಷ ಕೈಕೊಟ್ಟಿತು. ಅಜ್ಜಿ ಬೇಸತ್ತು ಹೋಗಿಬಿಟ್ಟಿರುತ್ತಾರೆ ಎಂದು ಆಕೆಯ ಜೀವ ಬಾಯಿಗೆ ಬಂದಿತ್ತು. ಇಂಟರ್ನೆಟ್ ಮರಳಿ ಬಂದ ಗಳಿಗೆಗೇ ನೋಡಿದರೆ ಅಜ್ಜಿ ಅಲ್ಲೇ ಇದ್ದರು. ನನಗೋಸ್ಕರ ಕಾದಿದ್ದಾರೆ ಎಂದು ಆಕೆಯ ಕಣ್ಣು ತುಂಬಿತು. ಆಕೆಗೋಸ್ಕರ ಕಾಯುವವರು ಬೇರೆ ಯಾರೂ ಇರಲಿಲ್ಲ. ಬಾಡಿಗೆಯ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ, ಚೆನ್ನಾಗಿದ್ದೀಯ ತಾನೆ ಎಂದು ಕೇಳಿ, ಉತ್ತರ ಬರುವ ಮೊದಲೇ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತಿದ್ದಳು.

ಆದರೆ ಅಜ್ಜಿಯ ಕೈ ದಿನದಿನಕ್ಕೆ ಸೋಲುತ್ತಿತ್ತು. ಮೊದಲ ದಿನ ಅವರು ನೂರಹತ್ತು ಅಂಕ ಗಳಿಸಿದ್ದರು, ಈಕೆ ನೂರೆಂಟಕ್ಕೆ ನಿಂತಳು. ಮರುದಿನ ಅವರು ತೊಂಬತ್ತು. ಈಕೆ ಎಂಬತ್ತೈದಕ್ಕೆ ಇಳಿದರೆ ಅವರು ಎಪ್ಪತ್ತು, ಈಕೆ ಅರವತ್ತಕ್ಕೆ ಜಾರಿದರೆ ಅವರು ನಲವತ್ತು. ಈ ವಾರವಂತೂ ಇಬ್ಬರದೂ ಸೊನ್ನೆ, ಪ್ರತಿ ಆಟವೂ ಸಮ. ನಡುಗುವ ಕೈ, ಮಂಜಾಗುವ ಕಣ್ಣು, ಆಮೇಲೆ? ಮುಂದಿನದನ್ನು ಯೋಚಿಸಲು ಆಕೆಗೆ ಧೈರ್ಯವಾಗಲಿಲ್ಲ.

ಗಿರಾಕಿಗೆ ಬರೆಯಕೂಡದು, ಗಿರಾಕಿಯ ವಿಷಯ ಅಕ್ಕಪಕ್ಕದವರ ಬಳಿ ಎತ್ತಕೂಡದು. ಇದು ಕಚೇರಿಯ ಕಟ್ಟಪ್ಪಣೆ. ಎತ್ತೋಣವೆಂದರೂ ಯಾರಿದ್ದಾರೆ? ಮೇಜುಗಳ ನಡುವೆ ಕೂತವರ ತಲೆಗಿಂತ ಎತ್ತರದ ಹಲಗೆ, ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಹಲಗೆಯಾಚೆಯ ಗಂಡಸಿನ ಮುಖವನ್ನು ಆಕೆ ಸರಿಯಾಗಿ ನೋಡಿದ್ದೇ ಇಲ್ಲ. ಇಯರ್‌ಫೋನ್ ದಾಟಿ ಕೇಳಿಸುವಷ್ಟು ಉದ್ದದ ನಿಟ್ಟುಸಿರು ಬಿಡುತ್ತಿದ್ದರು, ಅಷ್ಟೇ ಪರಿಚಯ. ಪಾಪ, ಮನೆಯಲ್ಲಿ ಏನು ತಾಪತ್ರಯವೋ ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಅಂದು ಮೂರು ಗಂಟೆಗೆ ಮೇಲ್ವಿಚಾರಕಿ ಬಂದು ನಿಂತರು.

“ಸಂಜೆಯೊಳಗೆ ಅವರನ್ನ ಗೆಲ್ಲಿಸ್ಬೇಕು. ಆಗ್ಲಿಲ್ಲ ಅಂದ್ರೆ ನಿಮ್ಮ ಗಿರಾಕೀನ ಬೇರೆಯವರಿಗೆ ಕೊಟ್ಬಿಡ್ತೀನಿ.” ಎರಡು ಹೆಜ್ಜೆ ಹಾಕಿ, ಹಲಗೆಯಾಚೆ ಇಣುಕಿದರು. “ನಿಮಗೂ ಇದೇ ಮಾತು. ಇಬ್ಬರದೂ ಒಂದೇ ಗೋಳಾಯ್ತು.”

ಆಚೆಯಿಂದ ನಿಟ್ಟುಸಿರು ಬಂತು. ಕಿಟಕಿಯ ಕಟ್ಟೆಯ ಮೇಲಿದ್ದ ನೀರಿನ ಬಾಟಲಿಗೆ ಒಂದು ತೋಳು ಚಾಚಿತು. ಮಾಸಿದ ಅಂಗಿ, ಮಣಿಕಟ್ಟಿನ ಬಳಿ ಸೇಫ್ಟಿ ಪಿನ್ ಚುಚ್ಚಿತ್ತು.

ನಾಳೆಯಿಂದ ಅಜ್ಜಿ ಇನ್ಯಾರ ಪಾಲೋ. ಇರುತ್ತಾರೋ ಹೋಗುತ್ತಾರೋ ತಿಳಿಸುವವರೂ ಇಲ್ಲ. ಆಕೆ ಕೊನೆಯ ಆಟಕ್ಕೆ ಕೂತಳು. ಒಂಬತ್ತು ಸುತ್ತು ಮುಗಿಯಿತು. ಸೊನ್ನೆ, ಸೊನ್ನೆ. ಹತ್ತನೆಯದಕ್ಕೆ ಹೆಬ್ಬೆರಳು ಏಳಲೇ ಇಲ್ಲ. ಕೆಲಸ ಹೋದರೆ ಹೋಗಲಿ ಎಂದು ಆಕೆ ಚೆಂಡನ್ನು ಬಿಟ್ಟು ಸಂದೇಶದ ಚೌಕ ತೆರೆದಳು.

“ನಿಮ್ಮ ಕೈಗೆ ಏನಾಗಿದೆ? ತುಂಬಾ ನೋವಿದ್ಯಾ?”

ಉತ್ತರ ಬಂತು. “ನನ್ನ ಕೈ ಗಟ್ಟಿಮುಟ್ಟಾಗಿದೆ. ನಿಮ್ಮ ಕೈಗೇ ಏನೋ ಆಗಿದೆ ಅಂತ ನಂಗೆ ಊಟಾನೇ ಸೇರ್ತಿಲ್ಲ.”

ತನಗಾಗಿ ಒಬ್ಬರು ಊಟ ಬಿಟ್ಟಿದ್ದಾರೆ. ಇಂಥವರಿಗೆ ಇನ್ನು ಸುಳ್ಳಾಡಲು ಆಕೆಗೆ ಮನಸ್ಸು ಬರಲಿಲ್ಲ. “ನಂಗೇನೂ ಆಗಿಲ್ಲ, ಕ್ಷಮಿಸಿ. ಬೇಕಂತಲೇ ಸೋತಿದ್ದು. ಸೋಲೋದೇ ನನ್ನ ಕೆಲಸ,” ಎಂದು ಬರೆದು ಕಳಿಸಿದಳು.

ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಇದ್ದ ಒಬ್ಬರನ್ನೂ ಕೈಯಾರೆ ಕಳೆದುಕೊಂಡೆ ಎಂದು ಆಕೆ ಇಯರ್‌ಫೋನ್ ಕಿತ್ತು, ಅಂಗೈಯಿಂದ ಮುಖ ಒರೆಸಿಕೊಂಡಳು. ಹಲಗೆಯಾಚೆ ಕುರ್ಚಿ ಕಿರ್ರೆಂದಿತು.

“ನಂದೂ ಅದೇ ಕೆಲಸ ಕಣ್ರೀ,” ಎಂದರು ಅಜ್ಜಿ, ಹಲಗೆಯ ಮೇಲಿನಿಂದ, ಗಂಡುದನಿಯಲ್ಲಿ.