ಬೀಗರ ಬೋರ್ಡು

“ಚದುರಂಗಕ್ಕೂ ಒಂದು ಬೀಗದ ಕೈ ಇದ್ದೇ ಇದೆ ಬೀಗರೇ. ಅದು ಸಿಕ್ತೋ, ಆಮೇಲೆ ಸೋಲೋ ಮಾತೇ ಇಲ್ಲ” ಎನ್ನುತ್ತ ಬೀಗ ರಿಪೇರಿಯವರು ಆನೆಯನ್ನು ಮುಂದೆ ತಳ್ಳಿದರು. ಎದುರಿಗಿದ್ದ ಸೊಸೆಯ ತಂದೆ, ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರು, ಆ ಆನೆಯನ್ನು ಕುದುರೆಯಿಂದ ಹೊಡೆದು ಜೇಬಿಗಿಳಿಸಿದರು. ಮನೆಮಂದಿಯ ಬಾಯಲ್ಲಿ ಇವರಿಬ್ಬರೂ ಬೀಗದ ಬೀಗರು ಮತ್ತು ಬಣ್ಣದ ಬೀಗರು.

“ಹಾಗಾದ್ರೆ ಆ ಕೈ ಹಾಕಿ ನಿಮ್ಮ ಆನೇನ ಬಿಡಿಸ್ಕೊಳ್ಳಿ, ನೋಡೋಣ.”

“ಸಿಗೋದು ಬೇರೆ, ಇರೋದು ಬೇರೆ.”

“ಇಲ್ಲವೇ ಇಲ್ಲ ಅಂತೀನಿ ನಾನು. ಪಂಥ?”

ಪಂಥ ಬೋರ್ಡಿನ ಮೇಲೆಯೇ ಬಿತ್ತು. ಮೂವತ್ತು ವರ್ಷ ಯಾರದೋ ಮಹಡಿ ಮೆಟ್ಟಿಲ ಕೆಳಗೆ ಕೂತು ಅರ ಉಜ್ಜಿದ ಬೀಗದ ಬೀಗರು ಈಗಷ್ಟೇ ಸ್ವಂತ ಅಂಗಡಿ ಮಾಡಿದ್ದರು. ‘ಬೀಗ ಪಂಡಿತರು’ ಎಂದು ಬಂಗಾರದ ಅಕ್ಷರದಲ್ಲಿ ಬರೆಸಬೇಕೆಂಬ ಆಸೆ ಅವರ ಎದೆಯಲ್ಲಿ ಬೆಚ್ಚಗೆ ಕೂತಿತ್ತು. ಗೆದ್ದರೆ ಅದೇ ಬೋರ್ಡು. ಸೋತರೆ ‘ಬೀಗರಿಗೆ ಸೋತವರ ಬೀಗದ ಅಂಗಡಿ’.

ತೀರ್ಪು ಹೇಳಬೇಕಾದವಳು ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಸೊಸೆ. ಒಂದು ಕಡೆ ಹೆತ್ತ ಅಪ್ಪ, ಇನ್ನೊಂದು ಕಡೆ ಮಾವ. ಪಾಪ, ಕನ್ನಡಕವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

“ಇದೆ” ಎಂದಳು. “ಆಟ ಯಾವತ್ತಾದ್ರೂ ಮುಗೀಲೇಬೇಕು, ನಡೆಗಳಿಗೂ ಮಿತಿ ಇದೆ. ಕೊನೆಯಿಂದ ಹಿಂದಕ್ಕೆ ಒಂದೊಂದೇ ನಡೆ ನೋಡ್ತಾ ಬಂದ್ರೆ ಮೂರರಲ್ಲಿ ಒಂದು ಗ್ಯಾರಂಟಿ. ಬಿಳಿಯವರು ಗೆದ್ದೇ ಗೆಲ್ಲೋ ದಾರಿ, ಕರಿಯವರು ಗೆದ್ದೇ ಗೆಲ್ಲೋ ದಾರಿ, ಇಲ್ಲಾಂದ್ರೆ ಇಬ್ರೂ ಸೋಲದೇ ಉಳಿಯೋ ದಾರಿ.”

ಬೀಗದ ಬೀಗರು ಕೂತಲ್ಲಿಂದ ಒಂದು ಗೇಣು ಹಾರಿದರು.

“ಮೂರರಲ್ಲಿ ಯಾವುದಮ್ಮ?” ಬಣ್ಣದ ಬೀಗರು ಮುಖ ಹುಳ್ಳಗೆ ಮಾಡಿಕೊಂಡು ಕೇಳಿದರು.

“ಅದು ಯಾರಿಗೂ ಗೊತ್ತಿಲ್ಲಪ್ಪ. ಅಷ್ಟೂ ನೋಡಿ ಮುಗಿಸೋಕೆ ಜನ್ಮ ಸಾಲಲ್ಲ.”

“ಇದೂ ತೀರ್ಪಿಗೇ ಸೇರಿದ್ದು ತಾನೆ?”

“ಸೇರಿದ್ದೇ.”

“ಸರಿ ಬೀಗರೇ, ಸೋತೆ. ನಾಡಿದ್ದು ಬೆಳಿಗ್ಗೆ ಬೋರ್ಡು ನೇತಾಡ್ತಿರತ್ತೆ.”

ಮಾತು ತಪ್ಪಲಿಲ್ಲ. ಮೂರನೆಯ ದಿನ ಬೀಗದ ಬೀಗರು ಬೀದಿಯ ತಿರುವಿನಲ್ಲಿ ಬಂಗಾರದ ಅಕ್ಷರಗಳ ಹೊಳಪು ಕಂಡು ಉಬ್ಬಿಹೋದರು. ‘ಬೀಗ ಪಂಡಿತರು’ ಇತ್ತು, ಒಂದು ಕೊಂಬೂ ತಪ್ಪದೆ. ಅದರ ಕೆಳಗೆ, ಅಷ್ಟೇ ಮುದ್ದಾದ ಅಕ್ಷರದಲ್ಲಿ, ಇನ್ನೊಂದು ಸಾಲು: ‘ಕೈ ಇರುವುದು ಖಚಿತ. ಯಾವುದೆಂದು ಯಾರಿಗೂ ಗೊತ್ತಿಲ್ಲ.’

ಅವರಿಗೆ ಮೈಯೆಲ್ಲ ಉರಿದುಹೋಯಿತು. ಬೀಗದ ಅಂಗಡಿಗೆ ಬರೆಯುವ ಮಾತೇ ಇದು? ಪಕ್ಕದ ಅಂಗಡಿಯಿಂದ ಏಣಿ ತಂದು, ಬೋರ್ಡಿನ ಮೊದಲ ಮೊಳೆಗೆ ಇಕ್ಕಳ ಹಾಕಿದರು.

“ಅಯ್ಯೋ, ತೆಗೀಬೇಡಿ!” ಕೆಳಗಿನಿಂದ ಹೆಂಗಸಿನ ದನಿ. ದೊಡ್ಡ ಹಾಸ್ಟೆಲಿನ ವಾರ್ಡನ್ ಅಂತೆ. ಎರಡು ಕೈಯಲ್ಲೂ ಹಿಡಿಯಲಾರದಷ್ಟು ದೊಡ್ಡ ಬೀಗದ ಕೈ ಗೊಂಚಲು. “ಬೆಳಿಗ್ಗೆಯಿಂದ ಉಗ್ರಾಣದ ಬಾಗಿಲ ಮುಂದೆ ನಿಂತು ಸಾಕಾಯ್ತು. ಇಷ್ಟರಲ್ಲಿ ಒಂದು ಅದರದ್ದೇ. ನಾಲ್ಕು ಅಂಗಡಿ ಸುತ್ತಿ ಬಂದೆ, ಎಲ್ಲಾ ಕಡೆ ‘ಯಾವ ಬೀಗವಾದರೂ ಕ್ಷಣದಲ್ಲಿ’ ಅಂತ ಬರೆದಿದ್ದಾರೆ, ಕೈ ಹುಡುಕಿ ಕೊಟ್ಟೋರು ಒಬ್ರೂ ಇಲ್ಲ.”

ಬೀಗ ಪಂಡಿತರು ಏಣಿಯ ಮೇಲೇ ನಿಂತರು.

“ನಿಜ ಹೇಳೋ ಬೋರ್ಡು ಇದೊಂದೇ ಕಂಡಿದ್ದು” ಎಂದಳು ವಾರ್ಡನ್. “ಇಳೀತೀರಾ?”