ಇಮಿನಾಳ ದೋಣಿಯಲ್ಲಿ

“ವೇಗ ಇಳಿಸು. ಎಡಕ್ಕೆ… ಮೆಲ್ಲಗೆ,” ಎಂದಳು ಇಮಿನಾ. ದೋಣಿಯ ಮುಂತುದಿಯಲ್ಲಿ ಬಂದೂಕು ಹಿಡಿದು ಕೂತಿದ್ದ ಅವಳ ಕಣ್ಣು ತೇಲುವ ಮಂಜುಗಡ್ಡೆಗಳ ನಡುವೆಯೇ ಇತ್ತು. ಹಿಂದೆ ಮೋಟಾರಿನ ಹಿಡಿ ಹಿಡಿದಿದ್ದ ಜೋಸ್ವ ವೇಗ ತಗ್ಗಿಸಿದ.

“ಅಪ್ಪಾ, ಇನ್ನೊಂಚೂರು ಹತ್ರ ಹೋಗ್ಲಾ?” ಎಂದು ಅವಳನ್ನು ಕೇಳಿದ.

“ಬೇಡ. ಸೀಲೇ ಈ ಕಡೆ ಬರತ್ತೆ. ನಿಂಗೆ ಮೊದ್ಲಿಂದ್ಲೂ ಅವಸರ.”

“ಕೂತು ಕೂತು ಕಾಲು ಮರಗಟ್ಟಿ ಹೋಯ್ತು.”

“ಬಾಯೊಂದು ಮರಗಟ್ಟಲ್ಲ ನೋಡು ನಿಂದು! ಸುಮ್ನಿರು ಮಗಾ.”

ಮಗನಿಗೆ ಐವತ್ತೆಂಟು, ಅಪ್ಪನಿಗೆ ಮೂವತ್ತಾರು. ಲೆಕ್ಕ ಸರಿಯಾಗಿಯೇ ಇದೆ. ಇಮಿನಾ ಜೋಸ್ವನ ಅಕ್ಕನ ಮಗಳು. ಅವನ ಅಪ್ಪ ಇದೇ ಕೊಲ್ಲಿಯಲ್ಲಿ ಮುಳುಗಿ ಸತ್ತ ವರ್ಷ ಹುಟ್ಟಿದವಳು. ಸತ್ತವನ ಹೆಸರೂ ಇಮಿನಾ. ಅದನ್ನೇ ಕೂಸಿಗೆ ಇಟ್ಟರು. ನಮ್ಮಲ್ಲಿ ಹೆಸರು ಬಂತೆಂದರೆ ಆ ಹೆಸರಿನ ಜೀವವೂ ಬಂತು. ತೊಡೆಯ ಮೇಲಿನ ಮಗಳನ್ನು ಅಕ್ಕ “ಅಪ್ಪಾ” ಎಂದೇ ಕರೆದಳು, ಜೋಸ್ವನೂ ಹಾಗೇ ಕರೆದ. ಮಾತು ಕಲಿತ ದಿನದಿಂದ ಅವಳಿಗೆ ಅವನು “ಮಗಾ”. ಊರಿನಲ್ಲಿ ಇದಕ್ಕೆ ಯಾರೂ ನಗುವುದಿಲ್ಲ.

ತೇಲುವ ಮಂಜಿನ ಗುಡ್ಡ ಕುಸಿದು ಎದ್ದ ಅಲೆಗೆ ದೋಣಿ ಮಗುಚಿತು ಎಂದು ಅಂದು ಒಬ್ಬನೇ ಬದುಕಿ ಬಂದ ಜೋಸ್ವ ಹೇಳಿದ್ದ. ಗುಡ್ಡ ಕುಸಿಯುವುದೇನು ಹೊಸದೇ? ಎಲ್ಲರೂ ನಂಬಿದರು. ಅಂದಿನಿಂದ ಅವನು ಬೇಟೆಗೆ ಬಂದರೂ ಬಂದೂಕು ಮುಟ್ಟುವುದಿಲ್ಲ. ಯಾರ ದೋಣಿಯೇ ಇರಲಿ, ಹೋಗಿ ಹಿಂದೆ ಮೋಟಾರಿನ ಪಕ್ಕ ಕೂರುತ್ತಾನೆ. ಪಾಪ, ಹೆದರಿದ್ದಾನೆ ಎಂದು ಊರು ಸುಮ್ಮನಾಗಿತ್ತು.

ಕಪ್ಪು ತಲೆಯೊಂದು ನೀರಿನ ಮೇಲೆ ಎದ್ದಿತು. ದುಂಡನೆಯ ಕಣ್ಣಿನ, ಒಳ್ಳೆ ಮೈಕಟ್ಟಿನ ಸೀಲ್. ಇಮಿನಾ ಕೂತಲ್ಲಿಂದಲೇ ಉಸಿರು ಬಿಗಿಹಿಡಿದು ಗುಂಡು ಹಾರಿಸಿದಳು. ತಲೆ ವಾಲಿತು, ನೀರು ಕೆಂಪಾಯಿತು.

ಜೋಸ್ವ ದೋಣಿಯನ್ನು ನುಗ್ಗಿಸಿದ. ಬೇಸಿಗೆಯ ಸೀಲ್‌ಗೆ ಕೊಬ್ಬು ಕಡಿಮೆ. ಸತ್ತರೆ ತೇಲುವುದಿಲ್ಲ, ನೋಡನೋಡುತ್ತಲೇ ಮುಳುಗುತ್ತದೆ. ಅಷ್ಟರೊಳಗೆ ಹಗ್ಗ ಕಟ್ಟಿದ ಈಟಿ ನೆಟ್ಟರೆ ಮನೆಗೆ ಮಾಂಸ, ಇಲ್ಲವಾದರೆ ಸುಮ್ಮನೆ ಒಂದು ಜೀವ ತೆಗೆದ ಹಾಗೆ. ಎರಡು ವಾರದಿಂದ ಇಬ್ಬರ ಮನೆಯಲ್ಲೂ ಅಂಗಡಿಯ ಡಬ್ಬಿ ಮಾಂಸವೇ ಗತಿಯಾಗಿತ್ತು. ಇಮಿನಾ ಈಟಿ ಎತ್ತಿಕೊಂಡು ಬಲಕ್ಕೆ ಬಾಗಿದಳು. ಸೀಲ್‌ನ ಬೆನ್ನು ಆಗಲೇ ನೀರಿನೊಳಗೆ ಜಾರತೊಡಗಿತ್ತು.

“ಹೋಯ್ತು! ಹೋಯ್ತು ಅಪ್ಪಾ!” ಜೋಸ್ವ ಮೋಟಾರು ಆರಿಸಿ, ಕೊಕ್ಕೆ ಹಿಡಿದು ಎದ್ದೇಬಿಟ್ಟ. ಬಲಕ್ಕೆ ಒಂದು ಹೆಜ್ಜೆ ಇಟ್ಟ. ದೋಣಿ ಅದೇ ಪಕ್ಕಕ್ಕೆ ವಾಲಿ, ಅಂಚಿನ ಮೇಲೆ ನೀರು ಒಳಗೆ ಹರಿಯಿತು.

“ಕೂತ್ಕೋ ಮಗಾ!”

ಅವಳು ತಿರುಗಿ ಕೂಡ ನೋಡಿರಲಿಲ್ಲ. ಜೋಸ್ವ ಆ ಮಾತಿಗೆ ಹಾಗೇ ಮಣಿದ. ದೋಣಿಯ ನಡುವೆ, ಪಾದ ಮುಳುಗುವಷ್ಟು ತಣ್ಣೀರಿನಲ್ಲಿ, ಕುಸಿದು ಕೂತ. ದೋಣಿ ಎರಡು ಸಲ ತೊನೆದು ನೆಟ್ಟಗಾಯಿತು. ಈಟಿ ಹೋಗಿ ನಾಟಿತು. ಹಗ್ಗ ಸರಸರನೆ ಓಡಿ, ತುದಿಯ ಗಾಳಿಚೀಲ ನೀರಿಗೆ ಬಿದ್ದು ತೇಲಿತು.

“ಸಿಕ್ತು,” ಎಂದಳು ಇಮಿನಾ. ಆಮೇಲಷ್ಟೇ ತಿರುಗಿ ನೋಡಿದಳು. ಜೋಸ್ವ ಎರಡೂ ಕೈಯಲ್ಲಿ ದೋಣಿಯ ಅಂಚು ಬಿಗಿಹಿಡಿದು ಕೂತಿದ್ದ. ಅವಳೇ ನೀರು ಮೊಗೆದು ಹೊರಚೆಲ್ಲಿ, ಮೋಟಾರು ಹಿಡಿದು, ಸೀಲನ್ನು ಹತ್ತಿರದ ಅಗಲವಾದ ಮಂಜುಹಾಸಿನವರೆಗೆ ಎಳೆದುಕೊಂಡು ಹೋದಳು. ಇಬ್ಬರೂ ಸೇರಿ ಅದನ್ನು ಮೇಲಕ್ಕೆಳೆದು ಹಾಕಿದರು.

ಕೊಯ್ಯುವ ಮುಂಚೆ ಅವಳು ಬಾಟಲಿಯಿಂದ ಲೋಟಕ್ಕೆ ಸಿಹಿನೀರು ಬಗ್ಗಿಸಿ, ಸೀಲ್‌ನ ಬಾಯಿ ಬಿಡಿಸಿ ನಾಲ್ಕು ಹನಿ ಹಾಕಿದಳು. ಹುಟ್ಟಿದಾರಭ್ಯ ಉಪ್ಪುನೀರಲ್ಲೇ ಇದ್ದ ಪ್ರಾಣಿ, ಬಾಯಾರಿರುತ್ತದೆ. ಹಿರಿಯರು ಮಾಡುತ್ತಿದ್ದರು, ಅವಳೂ ಬಿಡದೆ ಮಾಡುತ್ತಾಳೆ.

“ಅಪ್ಪಾ.”

“ಏನು?”

“ಅವತ್ತು ಗುಡ್ಡ ಕುಸೀಲಿಲ್ಲ.” ಜೋಸ್ವ ಸೀಲ್‌ನ ಬಾಯನ್ನೇ ನೋಡುತ್ತಿದ್ದ. “ಅಲೆ ಗಿಲೆ ಏನೂ ಇರ್ಲಿಲ್ಲ. ಹೀಗೇ ಸೀಲ್ ಮುಳುಗ್ತಾ ಇತ್ತು. ಕೂತ್ಕೋ ಅಂದೆ ನೀನು. ನಾನು ಎದ್ದು ನಿಂತೆ.”

ದೂರದಲ್ಲೆಲ್ಲೋ ಮಂಜು ಬಿರಿದ ಸದ್ದಾಯಿತು. ಇಮಿನಾ ಚಾಕುವನ್ನು ಮಂಜಿಗೆ ಚುಚ್ಚಿ ನಿಲ್ಲಿಸಿದಳು. ಎದುರಿಗೆ ಕೂತವನು ನರೆತ ಗಡ್ಡದ ಮುದುಕನಾಗಿದ್ದರೂ ಅವನ ತುಟಿ ಅಳು ತಡೆಯಲಾರದೆ ಅದುರುತ್ತಿತ್ತು. ಮೂವತ್ತಾರು ವರ್ಷ ಈ ಮನುಷ್ಯ ತನ್ನನ್ನು ದಿನಾ “ಅಪ್ಪಾ” ಎಂದು ಕರೆದಾಗಲೆಲ್ಲ ಈ ಮಾತು ಗಂಟಲವರೆಗೆ ಬಂದು ತಿರುಗಿ ಹೋಗಿರಬೇಕು ಎಂದು ಅವಳಿಗನಿಸಿತು.

ಅವಳು ಲೋಟದ ತುಂಬ ನೀರು ಬಗ್ಗಿಸಿ ಅವನ ಕೈಗಿಟ್ಟಳು. ಲೋಟವನ್ನು ತಾನೂ ಬಿಡದೆ ಹಿಡಿದುಕೊಂಡಳು.

“ಕುಡಿ ಮಗಾ,” ಎಂದಳು. “ನಂಗೊತ್ತು. ಆ ದೋಣೀಲಿ ನಾನೂ ಇದ್ನಲ್ಲ.”